ಟಾಕೀಸಿನಿಂದ ಪಡಸಾಲೆಗೆ: ಸರೌಂಡ್ ಸೌಂಡ್ ಅಗ್ಗವಾದ ಬಗೆ

ಕೇಳುಗನ ಮುಂದೆ ಮಾತ್ರವಲ್ಲದೆ ಅಕ್ಕಪಕ್ಕದಲ್ಲೂ ಹಿಂದೆಯೂ ಸ್ಪೀಕರ್‌ಗಳನ್ನಿಟ್ಟು, ಒಂದೊಂದಕ್ಕೂ ಬೇರೆ ಬೇರೆ ಸದ್ದು ಕಳಿಸುವ ವ್ಯವಸ್ಥೆಗೆ ಸರೌಂಡ್ ಸೌಂಡ್ ಎಂದು ಹೆಸರು. ಇಂದು ತಾಲೂಕು ಕೇಂದ್ರದ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ‘5.1 ಹೋಮ್ ಥಿಯೇಟರ್’ ಎಂದು ಕೇಳಿದರೆ ಸಿಗುವ ಈ ಸಾಧನಕ್ಕೆ 1940ರಲ್ಲಿ ಒಂದೊಂದು ಚಿತ್ರಮಂದಿರವೂ ಸುಮಾರು 85,000 ಡಾಲರ್ ತೆರಬೇಕಿತ್ತು. ಅಲ್ಲಿಂದ ಅದು ಸಾಮಾನ್ಯ ಸಂಸಾರದ ಟಿವಿ ಪಕ್ಕಕ್ಕೆ ಬಂದು ಕೂರುವಷ್ಟು ಅಗ್ಗವಾದುದಕ್ಕೆ ಬಿಡಿಭಾಗಗಳ ಬೆಲೆ ಇಳಿದದ್ದು ಒಂದು ಕಾರಣ. ಎಂಜಿನಿಯರುಗಳು ಮನುಷ್ಯನ ಕಿವಿಯನ್ನು ಅರಿತುಕೊಂಡದ್ದು ಅದಕ್ಕಿಂತ ದೊಡ್ಡ ಕಾರಣ. ಕಿವಿ ಯಾವುದನ್ನು ಗುರುತಿಸುತ್ತದೆ, ಯಾವುದನ್ನು ಗುರುತಿಸುವುದಿಲ್ಲ ಎಂಬುದು ತಿಳಿಯುತ್ತ ಹೋದಂತೆ, ಗುರುತಿಸದ ಭಾಗವನ್ನು ಕೈಬಿಟ್ಟು ಯಂತ್ರವನ್ನು ಸರಳ ಮಾಡುವುದು ಸಾಧ್ಯವಾಯಿತು. ಕಡಿಮೆ ಬೆಲೆಯ ಸೆಟ್ ಕೊಳ್ಳುವಾಗ ಎಲ್ಲಿ ಉಳಿತಾಯ ಮಾಡಬಹುದು, ಎಲ್ಲಿ ಮಾಡಬಾರದು ಎಂಬ ಪ್ರಶ್ನೆಗೂ ಈ ಇತಿಹಾಸವೇ ಉತ್ತರ ಕೊಡುತ್ತದೆ.

ನಡುವಿನ ಸ್ಪೀಕರ್‌ನ ಹುಟ್ಟು

ಸದ್ದಿಗೆ ದಿಕ್ಕು ಕೊಡುವ ಮೊದಲ ಗಂಭೀರ ಪ್ರಯತ್ನ ಸಿನಿಮಾದ ಸುತ್ತಲೇ ನಡೆಯಿತು. ಮಾತಿನ ಚಿತ್ರಗಳು ಬಂದ ಹೊಸತರಲ್ಲಿ ನಟ ಪರದೆಯ ಯಾವ ಮೂಲೆಯಲ್ಲಿ ನಿಂತರೂ ಮಾತು ಮಾತ್ರ ಒಂದೇ ಕಡೆಯಿಂದ ಕೇಳಿಬರುತ್ತಿತ್ತು. ಇಂಗ್ಲೆಂಡಿನ ಇಎಂಐ ಕಂಪನಿಯ ಎಂಜಿನಿಯರ್ ಅಲನ್ ಬ್ಲಮ್ಲೈನ್ ಈ ಕೊರತೆಗೆ ಪರಿಹಾರ ಹುಡುಕಿ, 1931ರ ಡಿಸೆಂಬರಿನಲ್ಲಿ ಎರಡು ಚಾನೆಲ್‌ಗಳ ಧ್ವನಿಗೆ ಪೇಟೆಂಟ್ ಅರ್ಜಿ ಸಲ್ಲಿಸಿದರು. ಮುಂದೆ ಸ್ಟೀರಿಯೋ ಎಂದು ಲೋಕವೆಲ್ಲ ಬಳಸಿದ ತಂತ್ರದ ಬಹುಪಾಲು ಅಂಶಗಳು ಆ ಪೇಟೆಂಟಿನಲ್ಲಿದ್ದವು. 1935ರಲ್ಲಿ ಅವರು ನಡೆದಾಡುವ ಮನುಷ್ಯರನ್ನೂ ಹೇಯ್ಸ್ ನಿಲ್ದಾಣದ ರೈಲುಗಳನ್ನೂ ಚಿತ್ರಿಸಿ, ಸದ್ದು ಚಿತ್ರದ ಜೊತೆಗೇ ಚಲಿಸುವುದನ್ನು ತೋರಿಸಿಕೊಟ್ಟರು.

ಅಮೆರಿಕದ ಬೆಲ್ ಪ್ರಯೋಗಾಲಯ ಇನ್ನೊಂದು ದಾರಿ ಹಿಡಿಯಿತು. 1933ರ ಏಪ್ರಿಲ್ 27ರಂದು ಫಿಲಡೆಲ್ಫಿಯಾದಲ್ಲಿ ನುಡಿಸುತ್ತಿದ್ದ ವಾದ್ಯವೃಂದದ ಸದ್ದನ್ನು ಟೆಲಿಫೋನ್ ತಂತಿಗಳ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ತಲುಪಿಸಲಾಯಿತು. ಅಲ್ಲಿ ವೇದಿಕೆಯ ಮೇಲೆ ವಾದಕರಿರಲಿಲ್ಲ, ಸ್ಪೀಕರ್‌ಗಳಷ್ಟೇ ಇದ್ದವು. ಹೆಸರಾಂತ ಸಂಗೀತ ನಿರ್ದೇಶಕ ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿ ವಾಷಿಂಗ್ಟನ್ನಿನಲ್ಲಿ ಕುಳಿತು ಧ್ವನಿಯ ಮಟ್ಟವನ್ನು ನಿಯಂತ್ರಿಸಿದರು. ಈ ಪ್ರಯೋಗದಲ್ಲಿ ಬಳಸಿದ್ದು ಎಡ, ನಡು, ಬಲ ಎಂಬ ಮೂರು ಚಾನೆಲ್. ಎರಡೇ ಸ್ಪೀಕರ್ ಇದ್ದರೆ ನಟ್ಟನಡುವೆ ಕುಳಿತವರಿಗೆ ಮಾತ್ರ ಸದ್ದು ಮಧ್ಯದಿಂದ ಬಂದಂತೆ ಕೇಳುತ್ತದೆ. ಪಕ್ಕದ ಆಸನದಲ್ಲಿರುವವರಿಗೆ ಅದು ತಮ್ಮ ಹತ್ತಿರದ ಸ್ಪೀಕರ್‌ಗೆ ಅಂಟಿಕೊಂಡುಬಿಡುತ್ತದೆ. ನಡುವೆ ಮೂರನೆಯದೊಂದು ಇದ್ದರೆ ಎಲ್ಲಿ ಕುಳಿತವರಿಗೂ ಮಧ್ಯದ ಸದ್ದು ಮಧ್ಯದಲ್ಲೇ ನಿಲ್ಲುತ್ತದೆ. ಇಂದಿನ ಹೋಮ್ ಥಿಯೇಟರ್‌ನಲ್ಲಿ ಸಂಭಾಷಣೆಗೆಂದು ಟಿವಿಯ ಕೆಳಗಿಡುವ ಸೆಂಟರ್ ಸ್ಪೀಕರ್‌ನ ತರ್ಕ ಈ ಪ್ರಯೋಗದಷ್ಟು ಹಳೆಯದು.

ಸ್ಟೊಕೊವ್‌ಸ್ಕಿ ಅವರ ಈ ಆಸಕ್ತಿಯೇ ಅವರನ್ನು ವಾಲ್ಟ್ ಡಿಸ್ನಿ ಅವರ ‘ಫ್ಯಾಂಟೇಸಿಯಾ’ ಚಿತ್ರದ ಧ್ವನಿ ಪ್ರಯೋಗಗಳಿಗೂ ಎಳೆತಂದಿತು. 1940ರ ನವೆಂಬರ್ 13ರಂದು ನ್ಯೂಯಾರ್ಕಿನಲ್ಲಿ ತೆರೆಕಂಡ ಈ ಚಿತ್ರಕ್ಕೆ ಆರ್‌ಸಿಎ ಕಂಪನಿಯ ನೆರವಿನಿಂದ ‘ಫ್ಯಾಂಟಾಸೌಂಡ್’ ಎಂಬ ವ್ಯವಸ್ಥೆ ರೂಪಿಸಲಾಗಿತ್ತು. ಚಿತ್ರದ ರೀಲಿನ ಜೊತೆಗೆ ಧ್ವನಿಗೆಂದೇ ಇನ್ನೊಂದು ರೀಲು ಓಡುತ್ತಿತ್ತು. ಅದರಲ್ಲಿ ಮೂರು ಧ್ವನಿ ಟ್ರ್ಯಾಕ್‌ಗಳು, ಅವುಗಳ ಮಟ್ಟವನ್ನು ಏರಿಸಿ ಇಳಿಸಲು ನಾಲ್ಕನೆಯದೊಂದು ನಿಯಂತ್ರಣ ಟ್ರ್ಯಾಕ್. ಪರದೆಯ ಹಿಂದಿನ ಸ್ಪೀಕರ್‌ಗಳಲ್ಲದೆ ಸಭಾಂಗಣದ ಗೋಡೆಗಳಲ್ಲೂ ಸ್ಪೀಕರ್‌ಗಳಿದ್ದವು. ಸಂಗೀತ ಪ್ರೇಕ್ಷಕರನ್ನು ಸುತ್ತುವರಿದದ್ದು ಜನರಿಗೆ ಹಿಡಿಸಿತು, ಆದರೆ ಅಷ್ಟು ದುಬಾರಿ ಸಲಕರಣೆಯನ್ನು ಊರೂರಿಗೆ ಸಾಗಿಸಿ ಜೋಡಿಸುವುದು ಆಗದ ಮಾತಾಯಿತು. ಮಹಾಯುದ್ಧ ಬೇರೆ ನಡೆಯುತ್ತಿತ್ತು. ಫ್ಯಾಂಟಾಸೌಂಡ್ ಕೆಲವೇ ನಗರಗಳಿಗೆ ಮುಗಿಯಿತು.

1950ರ ದಶಕದಲ್ಲಿ ಟೆಲಿವಿಷನ್ ಪ್ರೇಕ್ಷಕರನ್ನು ಕಸಿದುಕೊಳ್ಳತೊಡಗಿದಾಗ ಹಾಲಿವುಡ್ ಅಗಲ ಪರದೆಯ ಜೊತೆಗೆ ಬಹು ಟ್ರ್ಯಾಕ್ ಧ್ವನಿಯನ್ನೂ ಮತ್ತೆ ಕೈಗೆತ್ತಿಕೊಂಡಿತು. 1952ರ ಸಿನೆರಾಮಾ ಎಂಬ ಅಗಲ ಪರದೆಯ ವ್ಯವಸ್ಥೆಯಲ್ಲಿ ಏಳು ಟ್ರ್ಯಾಕ್ ಇದ್ದವು. 1953ರಲ್ಲಿ ‘ದಿ ರೋಬ್’ ಚಿತ್ರದೊಂದಿಗೆ ಬಂದ ಸಿನಿಮಾಸ್ಕೋಪ್ ಪ್ರಿಂಟಿನ ಮೇಲೆ ನಾಲ್ಕು ಕಾಂತೀಯ ಪಟ್ಟಿಗಳಿದ್ದವು: ಮೂರು ಪರದೆಯ ಹಿಂದಿನ ಸ್ಪೀಕರ್‌ಗಳಿಗೆ, ಒಂದು ಸಭಾಂಗಣಕ್ಕೆ. ಇಲ್ಲಿಯೂ ಅಡ್ಡಬಂದದ್ದು ಹಣವೇ. ಕಾಂತೀಯ ಪಟ್ಟಿ ಹಚ್ಚಿದ ಪ್ರಿಂಟು ಮಾಮೂಲು ಪ್ರಿಂಟಿಗಿಂತ ದುಬಾರಿ, ಬಾಳಿಕೆಯೂ ಕಡಿಮೆ. ಸಣ್ಣ ಚಿತ್ರಮಂದಿರಗಳ ಮಾಲೀಕರು ಹೊಸ ಸ್ಪೀಕರ್‌ಗಳಿಗೆ ಹಣ ಹಾಕಲು ಒಪ್ಪಲಿಲ್ಲ. 1954ರಲ್ಲಿ ಸಿನಿಮಾಸ್ಕೋಪ್ ತಂದ ಫಾಕ್ಸ್ ಕಂಪನಿ ಹಳೆಯ ಒಂದೇ ಟ್ರ್ಯಾಕಿನ ಪ್ರಿಂಟುಗಳನ್ನೂ ಕೊಡಬೇಕಾಗಿ ಬಂತು.

ನಾಲ್ಕನ್ನು ಎರಡರಲ್ಲಿ ಅಡಗಿಸಿದ ಜಾಣ್ಮೆ

ಮನೆಗೆ ಸರೌಂಡ್ ಸೌಂಡ್ ತರುವ ಮೊದಲ ಪ್ರಯತ್ನ ನಡೆದದ್ದು 1970ರ ದಶಕದ ಆರಂಭದಲ್ಲಿ, ಟಿವಿಗಾಗಿ ಅಲ್ಲ, ಗ್ರಾಮಫೋನ್ ರೆಕಾರ್ಡುಗಳಿಗಾಗಿ. ಕೋಣೆಯ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್ ಇಡುವ ಈ ಪದ್ಧತಿಗೆ ಕ್ವಾಡ್ರಫೋನಿಕ್ ಎಂದು ಹೆಸರಾಯಿತು. ಸಿಬಿಎಸ್ ಕಂಪನಿಯ ಎಸ್‌ಕ್ಯೂ, ಸನ್ಸುಯಿ ಕಂಪನಿಯ ಕ್ಯೂಎಸ್, ಜೆವಿಸಿ ಕಂಪನಿಯ ಸಿಡಿ-4 ಎಂಬ ಮೂರು ವಿಧಾನಗಳು ಏಕಕಾಲಕ್ಕೆ ಮಾರುಕಟ್ಟೆಗಿಳಿದವು. ಒಂದರ ರೆಕಾರ್ಡು ಇನ್ನೊಂದರ ಯಂತ್ರದಲ್ಲಿ ಸರಿಯಾಗಿ ನುಡಿಯುತ್ತಿರಲಿಲ್ಲ. ಯಾವುದನ್ನು ಕೊಂಡರೆ ನಾಳೆಗೂ ಉಳಿದೀತು ಎಂದು ತಿಳಿಯದೆ ಗ್ರಾಹಕರು ಹಿಂದೆ ಸರಿದರು. ದಶಕ ಮುಗಿಯುವ ಮೊದಲೇ ಕ್ವಾಡ್ರಫೋನಿಕ್ ಅಂಗಡಿಗಳಿಂದ ಮರೆಯಾಯಿತು.

ಅದೇ ಹೊತ್ತಿಗೆ ಅಮೆರಿಕದ ಆಂಪ್ಲಿಫೈಯರ್ ವಿನ್ಯಾಸಕಾರ ಡೇವಿಡ್ ಹ್ಯಾಫ್ಲರ್ ತೋರಿಸಿದ ಒಂದು ಜೋಡಣೆ ಇಂದಿಗೂ ಲೋಕದ ಅತಿ ಅಗ್ಗದ ಸರೌಂಡ್ ಸೌಂಡ್ ಎನಿಸಿಕೊಳ್ಳಲು ಅರ್ಹ. ಮಾಮೂಲು ಸ್ಟೀರಿಯೋ ಆಂಪ್ಲಿಫೈಯರ್‌ನ ಎಡಗಡೆಯ ಪ್ಲಸ್ ಟರ್ಮಿನಲ್ಲಿಗೆ ಹಿಂದಿನ ಸ್ಪೀಕರ್‌ನ ಒಂದು ತಂತಿ, ಬಲಗಡೆಯ ಪ್ಲಸ್ ಟರ್ಮಿನಲ್ಲಿಗೆ ಅದರ ಇನ್ನೊಂದು ತಂತಿ. ಮೈನಸ್ ಟರ್ಮಿನಲ್ಲುಗಳಿಗೆ ಆ ಸ್ಪೀಕರ್‌ನ ಸಂಬಂಧವೇ ಇಲ್ಲ. ಎರಡೂ ಚಾನೆಲ್‌ಗಳಲ್ಲಿ ಸಮನಾಗಿರುವ ಸದ್ದು, ಅಂದರೆ ಗಾಯಕನ ಕಂಠ ಅಥವಾ ಮಾತು, ಆ ಸ್ಪೀಕರ್‌ನ ಎರಡು ತುದಿಗಳಲ್ಲೂ ಒಂದೇ ಆಗಿರುವುದರಿಂದ ಅಲ್ಲಿ ಕೇಳಿಸುವುದಿಲ್ಲ. ಉಳಿಯುವುದು ಎರಡರ ನಡುವಿನ ವ್ಯತ್ಯಾಸ ಮಾತ್ರ: ಸಭಾಂಗಣದ ಮಾರ್ದನಿ, ಚಪ್ಪಾಳೆ, ಮಳೆಯ ಸದ್ದು. ಡಿಕೋಡರ್ ಇಲ್ಲ, ಎರಡನೆಯ ಆಂಪ್ಲಿಫೈಯರ್ ಇಲ್ಲ. ಖರ್ಚು ಒಂದೆರಡು ಸ್ಪೀಕರ್ ಮತ್ತು ತಂತಿಯದು. ಎರಡೂ ಚಾನೆಲ್‌ಗಳ ಮೈನಸ್ ಒಂದೇ ಆಗಿರುವ ಆಂಪ್ಲಿಫೈಯರ್‌ಗೆ ಮಾತ್ರ ಇದು ಹೊಂದುತ್ತದೆ. ಮೈನಸ್ ಹೀಗೆ ಒಂದಾಗಿರದ, ಬ್ರಿಡ್ಜ್ ವಿಧಾನದ ಇಂದಿನ ಹಲವು ಚಿಪ್‌ಗಳಿಗೆ ಹೀಗೆ ಜೋಡಿಸಿದರೆ ಚಿಪ್ಪೇ ಕೆಡಬಹುದು.

ಸಮನಾದದ್ದು ಮುಂದೆ, ವ್ಯತ್ಯಾಸ ಹಿಂದೆ ಎಂಬ ಇದೇ ಸೂತ್ರವನ್ನು ಚಿತ್ರಮಂದಿರದಲ್ಲಿ ಯಶಸ್ವಿಗೊಳಿಸಿದ್ದು ರೇ ಡಾಲ್ಬಿ ಅವರ ಸಂಸ್ಥೆ. ಅಮೆರಿಕದವರಾದ ಡಾಲ್ಬಿ ಕೇಂಬ್ರಿಜ್‌ನಲ್ಲಿ ಸಂಶೋಧನಾ ಪದವಿ ಮುಗಿಸಿ, 1963ರಿಂದ ಎರಡು ವರ್ಷ ಯುನೆಸ್ಕೋ ಸಲಹೆಗಾರರಾಗಿ ಭಾರತದಲ್ಲಿದ್ದರು. ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣಗಳ ಸಂಸ್ಥೆ ಅವರ ಕಾರ್ಯಕ್ಷೇತ್ರವಾಗಿತ್ತು. ಟೇಪಿನ ‘ಸ್ಸ್’ ಎಂಬ ಸದ್ದನ್ನು ತಗ್ಗಿಸುವ ಉಪಾಯ ಅವರ ತಲೆಯಲ್ಲಿ ರೂಪುಗೊಂಡದ್ದು ಈ ಅವಧಿಯಲ್ಲಿ. 1965ರಲ್ಲಿ ಲಂಡನ್ನಿಗೆ ಹೋಗಿ ಅವರು ಡಾಲ್ಬಿ ಪ್ರಯೋಗಾಲಯ ಸ್ಥಾಪಿಸಿದರು. 1970ರ ದಶಕದ ನಡುವೆ ಬಂದ ‘ಡಾಲ್ಬಿ ಸ್ಟೀರಿಯೋ’ದಲ್ಲಿ ಎಡ, ನಡು, ಬಲ, ಹಿಂದೆ ಎಂಬ ನಾಲ್ಕು ಚಾನೆಲ್‌ಗಳು ಫಿಲ್ಮಿನ ಎರಡೇ ಬೆಳಕಿನ ಟ್ರ್ಯಾಕ್‌ಗಳಲ್ಲಿ ಅಡಗಿ ಕೂತವು. ನಡುವಿನದನ್ನು ಎರಡೂ ಟ್ರ್ಯಾಕ್‌ಗಳಿಗೆ ಸಮನಾಗಿ, ಹಿಂದಿನದನ್ನು ಒಂದಕ್ಕೊಂದು ವಿರುದ್ಧವಾಗುವಂತೆ ಬೆರೆಸಲಾಗುತ್ತಿತ್ತು. ಪ್ರಿಂಟಿಗೆ ಕಾಂತೀಯ ಪಟ್ಟಿ ಬೇಕಿರಲಿಲ್ಲ, ಹಳೆಯ ಪ್ರೊಜೆಕ್ಟರಿನಲ್ಲೂ ಅದೇ ಪ್ರಿಂಟು ಓಡುತ್ತಿತ್ತು. 1977ರಲ್ಲಿ ‘ಸ್ಟಾರ್ ವಾರ್ಸ್’ ಗೆದ್ದಾಗ ಚಿತ್ರಮಂದಿರಗಳ ಮಾಲೀಕರು ತಾವಾಗಿಯೇ ಡಾಲ್ಬಿಯ ಕಡೆಗೆ ತಿರುಗಿದರು.

ಮನೆಯ ಹೋಮ್ ಥಿಯೇಟರ್‌ಗೆ ಬಾಗಿಲು ತೆರೆದದ್ದೂ ಇದೇ ಉಪಾಯ. ಸ್ಟೀರಿಯೋ ವಿಡಿಯೋ ಕ್ಯಾಸೆಟ್ಟಿಗೂ ಲೇಸರ್ ಡಿಸ್ಕಿಗೂ ಸಿನಿಮಾದ ಎರಡು ಟ್ರ್ಯಾಕ್‌ಗಳನ್ನು ಹಾಗೆಯೇ ಇಳಿಸಿದಾಗ, ಅವುಗಳೊಳಗೆ ಅಡಗಿದ್ದ ನಾಲ್ಕು ಚಾನೆಲ್‌ಗಳೂ ಜೊತೆಗೇ ಮನೆ ಸೇರಿದ್ದವು. ಬೇಕಿದ್ದದ್ದು ಅವುಗಳನ್ನು ಬಿಡಿಸುವ ಸರ್ಕ್ಯೂಟ್ ಒಂದೇ. 1982ರಲ್ಲಿ ಮನೆಬಳಕೆಯ ‘ಡಾಲ್ಬಿ ಸರೌಂಡ್’ ಬಂತು. ಅದರಲ್ಲಿ ಹಿಂದಿನ ಸದ್ದನ್ನು ಸುಮಾರು 20 ಮಿಲಿಸೆಕೆಂಡು ತಡಮಾಡಿ ಬಿಡಲಾಗುತ್ತಿತ್ತು. ಮೊದಲು ತಲುಪಿದ ಸದ್ದಿನ ದಿಕ್ಕನ್ನೇ ಕಿವಿ ನಂಬುತ್ತದೆ ಎಂಬುದನ್ನು ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲೇ ತೋರಿಸಿದ್ದರು. ಹಾಗಾಗಿ ಮುಂದಿನ ಮಾತು ಹಿಂದಿನ ಸ್ಪೀಕರ್‌ನಲ್ಲಿ ಸ್ವಲ್ಪ ಸೋರಿದರೂ ಕೇಳುಗನಿಗೆ ಅದು ಮುಂದಿನಿಂದಲೇ ಬಂದಂತೆ ಅನಿಸುತ್ತಿತ್ತು. 7,000 ಹರ್ಟ್ಸ್ ದಾಟಿದ ಸದ್ದನ್ನು ಹಿಂದಿನ ಸ್ಪೀಕರ್‌ಗಳಿಗೆ ಕಳಿಸುತ್ತಲೇ ಇರಲಿಲ್ಲ, ಆದ್ದರಿಂದ ಅಲ್ಲಿ ಸಣ್ಣ, ಅಗ್ಗದ ಸ್ಪೀಕರ್ ಸಾಕಾಗುತ್ತಿತ್ತು. 1987ರ ‘ಪ್ರೊ ಲಾಜಿಕ್’ ಇದಕ್ಕೆ ನಡುವಿನ ಸ್ಪೀಕರನ್ನು ಸೇರಿಸಿತು. ಕೆಲವೇ ವರ್ಷಗಳಲ್ಲಿ ಆ ಇಡೀ ಸರ್ಕ್ಯೂಟ್ ಒಂದು ಚಿಪ್ಪಿನೊಳಗೆ ಸೇರಿತು.

ದೊಡ್ಡ ಪೆಟ್ಟಿಗೆ ಚಿಕ್ಕದಾದದ್ದು

ಐದು ದೊಡ್ಡ ಪೆಟ್ಟಿಗೆಗಳನ್ನು ಸಾಮಾನ್ಯ ಮನೆಯ ಹಾಲಿನಲ್ಲಿ ಇಡಲು ಜಾಗವೆಲ್ಲಿ? ಇದಕ್ಕೂ ಕಿವಿಯ ಸ್ವಭಾವವೇ ಪರಿಹಾರ ಕೊಟ್ಟಿತು. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಗುಡುಗಿನಂಥ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿ ಗುರುತಿಸಲಾರದು. ದೊಡ್ಡ ಪೆಟ್ಟಿಗೆ, ದೊಡ್ಡ ಕೋನು, ಹೆಚ್ಚು ವಿದ್ಯುತ್ತು ಬೇಕಾಗುವುದು ಮುಖ್ಯವಾಗಿ ಈ ಕೆಳಸ್ತರದ ಸದ್ದಿಗೇ. ಅದನ್ನೆಲ್ಲ ಒಂದೇ ಸಬ್‌ವೂಫರ್‌ಗೆ ಒಪ್ಪಿಸಿ ಮೂಲೆಯಲ್ಲಿಟ್ಟರೆ ಉಳಿದ ಸ್ಪೀಕರ್‌ಗಳು ಅಂಗೈಯಗಲ ಇದ್ದರೂ ನಡೆಯುತ್ತದೆ. 1987ರಲ್ಲಿ ಬೋಸ್ ಕಂಪನಿ ‘ಅಕೂಸ್ಟಿಮಾಸ್’ ಎಂಬ ಹೆಸರಿನಲ್ಲಿ ಪುಟ್ಟ ಘನಾಕಾರದ ಸ್ಪೀಕರ್‌ಗಳನ್ನೂ ಮರೆಯಲ್ಲಿಡುವ ಒಂದು ಬಾಸ್ ಪೆಟ್ಟಿಗೆಯನ್ನೂ ಸೇರಿಸಿ ಮಾರಾಟಕ್ಕೆ ತಂದಿತು. ಮುಂದೆ ಬಂದ ಅಗ್ಗದ ಹೋಮ್ ಥಿಯೇಟರ್‌ಗಳು ಬಹುಪಾಲು ಈ ಮಾದರಿಯನ್ನೇ ಹಿಡಿದವು.

ಇದರಲ್ಲೊಂದು ಅಪಾಯವೂ ಅಡಗಿತ್ತು. ಸುತ್ತಲಿನ ಸ್ಪೀಕರ್‌ಗಳು ತೀರ ಚಿಕ್ಕವಾದರೆ 80 ಹರ್ಟ್ಸ್‌ವರೆಗೆ ಇಳಿಯಲಾರವು. ಆಗ ತಯಾರಕರು ಸಬ್‌ವೂಫರನ್ನೇ 150, 200 ಹರ್ಟ್ಸ್‌ವರೆಗೆ ಏರಿಸುತ್ತಾರೆ. ಗಂಡಸಿನ ದನಿಯ ತಳಭಾಗ ಇರುವುದೇ ಅಲ್ಲಿ. ಪರಿಣಾಮವಾಗಿ ಪರದೆಯ ಮೇಲೆ ಮಾತಾಡುವವನ ದನಿಯ ಆ ಭಾಗ ಮೂಲೆಯ ಪೆಟ್ಟಿಗೆಯಿಂದ ಗೊಗ್ಗರವಾಗಿ ಕೇಳಿಬರುತ್ತದೆ. ಅಗ್ಗದ ಸೆಟ್ಟುಗಳಲ್ಲಿ ಮಾತು ಮಸುಕಾಗಲು ಇದು ಇಂದಿಗೂ ದೊಡ್ಡ ಕಾರಣ.

ಭಾರತದ ದಾರಿ

ಭಾರತದಲ್ಲಿ ಬಹು ಟ್ರ್ಯಾಕ್ ಧ್ವನಿಯನ್ನು ಜನಸಾಮಾನ್ಯರ ಅನುಭವಕ್ಕೆ ತಂದ ಚಿತ್ರಗಳಲ್ಲಿ ‘ಶೋಲೆ’ ಮುಖ್ಯವಾದುದು. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರ ಆಗಸ್ಟ್ 15ರಂದು ತೆರೆಕಂಡ ಈ ಚಿತ್ರದ 70 ಎಂಎಂ ಪ್ರಿಂಟುಗಳಿಗೆ ಸ್ಟೀರಿಯೋ ಧ್ವನಿಯಿತ್ತು, ಅದರ ಮಿಶ್ರಣ ನಡೆದದ್ದು ಲಂಡನ್ನಿನಲ್ಲಿ. ಅದನ್ನು ಆ ರೂಪದಲ್ಲಿ ಕೇಳಿಸಬಲ್ಲ ಚಿತ್ರಮಂದಿರಗಳಿದ್ದದ್ದು ದೊಡ್ಡ ನಗರಗಳಲ್ಲಿ ಮಾತ್ರ.

ಅದೇ 1975ರ ಆಗಸ್ಟ್ 1ರಂದು ಉಪಗ್ರಹ ಟೆಲಿವಿಷನ್ ಪ್ರಯೋಗವಾದ ‘ಸೈಟ್’ ಆರಂಭವಾಗಿ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತಲುಪಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಊರ ಮಂದಿಯೆಲ್ಲ ಒಂದೇ ಸೆಟ್ಟಿನ ಮುಂದೆ ಕೂತು ನೋಡುವ ಕಾಲವದು. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿವಿ ಬಂದು ಮನೆಗಳಲ್ಲಿ ಸೆಟ್ಟುಗಳು ಹೆಚ್ಚಿದವು. ಆ ಪೆಟ್ಟಿಗೆ ಟಿವಿಗಳ ಮುಖದಲ್ಲೇ ಸ್ಪೀಕರ್ ಇರುತ್ತಿತ್ತು. ಸದ್ದು ಒಂದೇ ಚಾನೆಲಿನದಾದರೂ ನೇರವಾಗಿ ನೋಡುವವರ ಕಡೆಗೆ ಬರುತ್ತಿದ್ದರಿಂದ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಟಿವಿಗೆ ಬೇರೆ ಸ್ಪೀಕರ್ ಬೇಕೆಂಬ ಯೋಚನೆಯೇ ಆಗ ಅಪರೂಪ.

ಬೇಕೆಂದವರ ಪಾಲಿಗೆ ವಿದೇಶಿ ಸೆಟ್ಟು ಎಟುಕುವಂಥದ್ದಾಗಿರಲಿಲ್ಲ. ಆ ಜಾಗವನ್ನು ತುಂಬಿದ್ದು ಅಸೆಂಬಲ್ಡ್ ಸೆಟ್. ಬೆಂಗಳೂರಿನ ಎಸ್.ಪಿ. ರೋಡ್, ಚೆನ್ನೈಯ ರಿಚೀ ಸ್ಟ್ರೀಟ್, ಮುಂಬಯಿಯ ಲ್ಯಾಮಿಂಗ್ಟನ್ ರೋಡ್‌ಗಳಲ್ಲಿ ಬಿಡಿಭಾಗಗಳನ್ನು ಕೊಂಡುತಂದು ಊರಿನ ರೇಡಿಯೋ ರಿಪೇರಿಯವರು ಆಂಪ್ಲಿಫೈಯರ್ ಕಟ್ಟಿಕೊಡುತ್ತಿದ್ದರು. ತಗಡಿನ ಪೆಟ್ಟಿಗೆಯೊಳಗೆ ಒಂದು 12-0-12 ಟ್ರಾನ್ಸ್‌ಫಾರ್ಮರ್, ಡಯೋಡುಗಳು, ದಪ್ಪ ಕೆಪಾಸಿಟರ್, ಅಲ್ಯೂಮಿನಿಯಂ ಹೀಟ್ ಸಿಂಕ್‌ಗೆ ಸ್ಕ್ರೂ ಹಾಕಿ ಬಿಗಿದ 4440 ಐಸಿ, ಮುಂದಿನ ಫಲಕದಲ್ಲಿ ವಾಲ್ಯೂಮ್, ಬಾಸ್, ಟ್ರೆಬಲ್ ಎಂಬ ಮೂರು ನಾಬು. ಸ್ಯಾನ್ಯೋ ಕಂಪನಿ ಕಾರ್ ಸ್ಟೀರಿಯೋಗಳಿಗೆಂದು ರೂಪಿಸಿದ ಈ ಐಸಿ ಚಾನೆಲಿಗೆ ಆರು ವ್ಯಾಟಿನಂತೆ ಎರಡು ಚಾನೆಲ್ ನಡೆಸುತ್ತಿತ್ತು. ಹೆಚ್ಚು ಸದ್ದು ಬೇಕೆಂದರೆ ಎಸ್‌ಟಿಕೆ ಸರಣಿಯ ಐಸಿ. ಸ್ಪೀಕರ್ ಪೆಟ್ಟಿಗೆಯನ್ನು ಊರಿನ ಬಡಗಿ ಪ್ಲೈವುಡ್ಡಿನಲ್ಲಿ ಮಾಡಿಕೊಡುತ್ತಿದ್ದ. ಪೆಟ್ಟಿಗೆಗೂ ದುಡ್ಡಿಲ್ಲದವರು ಮಣ್ಣಿನ ಮಡಕೆಯ ಬಾಯಿಗೆ ಸ್ಪೀಕರ್ ಕೂರಿಸಿ ಬಾಸ್ ಹೆಚ್ಚಿಸಿಕೊಳ್ಳುತ್ತಿದ್ದರು. ಮಡಕೆಯೊಳಗಿನ ಗಾಳಿ ಒಂದು ನಿರ್ದಿಷ್ಟ ಶ್ರುತಿಯಲ್ಲಿ ಕಂಪಿಸಿ ಆ ಶ್ರುತಿಯ ಸದ್ದನ್ನು ಬಲಪಡಿಸುತ್ತದೆ. ಇಂದಿನ ಸಬ್‌ವೂಫರ್ ಪೆಟ್ಟಿಗೆಯ ಗಾಳಿರಂಧ್ರದ ಹಿಂದಿರುವುದೂ ಇದೇ ಭೌತಶಾಸ್ತ್ರ.

1990ರ ದಶಕದ ಕೊನೆಗೆ ಇದೇ ಬೀದಿಗಳಲ್ಲಿ ‘ಪ್ರೊ ಲಾಜಿಕ್ ಬೋರ್ಡ್’, ‘5.1 ಬೋರ್ಡ್’ ಎಂಬ ಹೆಸರಿನ ಪುಟ್ಟ ಸರ್ಕ್ಯೂಟುಗಳು ಮಾರಾಟಕ್ಕೆ ಬಂದವು. ಅವುಗಳಲ್ಲಿ ಹಲವು ನಿಜವಾದ ಡಿಕೋಡರ್‌ಗಳಾಗಿರಲಿಲ್ಲ. ಎರಡು ಚಾನೆಲ್‌ಗಳನ್ನು ಕೂಡಿಸಿ ನಡುವಿಗೆ, ಕಳೆದು ಹಿಂದಕ್ಕೆ, ಸೋಸಿ ಸಬ್‌ವೂಫರ್‌ಗೆ ಹಂಚುವ ಸರಳ ಸರ್ಕ್ಯೂಟುಗಳವು. ಆದರೂ ಆ ಕಾಲಕ್ಕೆ ಅವು ಒದಗಿಬಂದವು. ಅಂದು ಮನೆಮನೆಯಲ್ಲಿದ್ದ ವಿಸಿಡಿಯಲ್ಲಿ ಇದ್ದದ್ದೇ ಎರಡು ಚಾನೆಲ್. ಸಿನಿಮಾದ ಡಾಲ್ಬಿ ಮಿಶ್ರಣ ಆ ಎರಡರಲ್ಲಿ ಉಳಿದುಕೊಂಡಿದ್ದರೆ, ಕೂಡಿಸಿ ಕಳೆಯುವ ಸರ್ಕ್ಯೂಟು ಅದನ್ನು ಒಂದಿಷ್ಟಾದರೂ ಬಿಡಿಸಿ ಕೇಳಿಸುತ್ತಿತ್ತು. ಕೆಲವೇ ನೂರು ರೂಪಾಯಿಯ ಬಿಡಿಭಾಗಗಳಲ್ಲಿ ಹೋಮ್ ಥಿಯೇಟರ್ ಕಟ್ಟಿಕೊಟ್ಟ ಈ ಕುಶಲಕರ್ಮಿಗಳು ಭಾರತದ ಧ್ವನಿ ಇತಿಹಾಸದಲ್ಲಿ ಗೌರವದ ಸ್ಥಾನಕ್ಕೆ ಅರ್ಹರು.

5.1 ಮತ್ತು ಡಿವಿಡಿ

ಎರಡು ಟ್ರ್ಯಾಕ್‌ಗಳಲ್ಲಿ ನಾಲ್ಕನ್ನು ಅಡಗಿಸುವ ವಿಧಾನಕ್ಕೊಂದು ಮಿತಿಯಿತ್ತು. ಬಿಡಿಸುವಾಗ ಅವು ಪೂರ್ತಿ ಬೇರೆಯಾಗುತ್ತಿರಲಿಲ್ಲ, ಹಿಂದಿನ ಎರಡು ಸ್ಪೀಕರ್‌ಗಳಿಗೂ ಒಂದೇ ಸದ್ದು ಹೋಗುತ್ತಿತ್ತು. ಆರು ಚಾನೆಲ್‌ಗಳನ್ನು ಬೇರೆಬೇರೆಯಾಗಿ ಇಡಲು ಡಿಜಿಟಲ್ ವಿಧಾನ ಬೇಕಾಯಿತು. 1992ರಲ್ಲಿ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದೊಂದಿಗೆ ಡಾಲ್ಬಿ ಡಿಜಿಟಲ್, 1993ರಲ್ಲಿ ‘ಜುರಾಸಿಕ್ ಪಾರ್ಕ್’ ಚಿತ್ರದೊಂದಿಗೆ ಡಿಟಿಎಸ್ ಚಿತ್ರಮಂದಿರಕ್ಕೆ ಬಂದವು. ಡಾಲ್ಬಿ ತನ್ನ ಅಂಕಿಗಳನ್ನು ಫಿಲ್ಮಿನ ಅಂಚಿನ ತೂತುಗಳ ನಡುವಿನ ಜಾಗದಲ್ಲಿ ಅಚ್ಚು ಹಾಕಿತು. ಡಿಟಿಎಸ್ ಧ್ವನಿಯನ್ನು ಬೇರೆ ಸಿಡಿಯಲ್ಲಿಟ್ಟು, ಫಿಲ್ಮಿನ ಮೇಲೆ ಸಮಯದ ಗುರುತನ್ನಷ್ಟೇ ಅಚ್ಚು ಹಾಕಿತು. 5.1 ಎಂಬಲ್ಲಿ ಐದು ಪೂರ್ಣ ಚಾನೆಲ್‌ಗಳು ಎಡ, ನಡು, ಬಲ, ಹಿಂದಿನ ಎಡ, ಹಿಂದಿನ ಬಲ. ‘.1’ ಎಂಬುದು 120 ಹರ್ಟ್ಸ್‌ವರೆಗಿನ ಗುಡುಗಿಗೆ ಮೀಸಲಾದ ಕಿರು ಚಾನೆಲ್.

ಇದನ್ನು ಮನೆಗೆ ತಂದ ತಂತ್ರವೂ ಕಿವಿಯ ಅಧ್ಯಯನದಿಂದ ಹುಟ್ಟಿದ್ದೇ. ಜೋರಾದ ಒಂದು ಸದ್ದಿನ ಪಕ್ಕದಲ್ಲೇ ಇರುವ ಮೆಲುಸದ್ದು ಕಿವಿಗೆ ಬೀಳುವುದಿಲ್ಲ. ಹಾಗೆ ಮುಚ್ಚಿಹೋಗುವ ಭಾಗವನ್ನು ದಾಖಲಿಸದೆ ಬಿಟ್ಟರೆ ಕೇಳುಗನಿಗೆ ನಷ್ಟವಿಲ್ಲ. ಆರು ಚಾನೆಲ್‌ಗಳ ಸದ್ದನ್ನು 48,000 ಮಾದರಿ, 16 ಬಿಟ್‌ಗಳಲ್ಲಿ ಹಾಗೆಯೇ ಇಟ್ಟರೆ ಸೆಕೆಂಡಿಗೆ 4,608 ಕಿಲೋಬಿಟ್ ಬೇಕು. ಡಿವಿಡಿಯ ಡಾಲ್ಬಿ ಡಿಜಿಟಲ್ ಅದನ್ನು ಹೆಚ್ಚೆಂದರೆ 448ರಲ್ಲಿ ಮುಗಿಸುತ್ತದೆ, ಅಂದರೆ ಸುಮಾರು ಹತ್ತನೇ ಒಂದು ಭಾಗದಲ್ಲಿ. 1996ರ ನವೆಂಬರಿನಲ್ಲಿ ಜಪಾನಿನಲ್ಲೂ ಮರುವರ್ಷ ಅಮೆರಿಕದಲ್ಲೂ ಡಿವಿಡಿ ಮಾರುಕಟ್ಟೆಗೆ ಬಂದಾಗ, ಚಿತ್ರಮಂದಿರದ ಆರು ಚಾನೆಲ್‌ಗಳು ಅಂಗೈಯಗಲದ ತಟ್ಟೆಯಲ್ಲಿ ಮನೆಗೆ ಬಂದವು.

ಭಾರತದಲ್ಲಿ ಆ ತಟ್ಟೆ ಜನರ ಕೈಗೆಟುಕಲು ಇನ್ನೂ ಹತ್ತು ವರ್ಷ ಹಿಡಿಯಿತು. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಿತು. ಎರಡರ ನಡುವೆ ಆರೇ ರೂಪಾಯಿಯ ಅಂತರ ಉಳಿದಾಗ ಜನ ಡಿವಿಡಿಗೆ ಬದಲಾದರು. ಪ್ಲೇಯರ್, ಆಂಪ್ಲಿಫೈಯರ್, ಐದು ಪುಟ್ಟ ಸ್ಪೀಕರ್, ಸಬ್‌ವೂಫರ್ ಎಲ್ಲವೂ ಒಂದೇ ಡಬ್ಬಿಯಲ್ಲಿ ಬರುವ ಹೋಮ್ ಥಿಯೇಟರ್ ಅಂಗಡಿಗಳಲ್ಲಿ ಸಾಮಾನ್ಯವಾಯಿತು. ಕಂಪ್ಯೂಟರಿಗೆಂದು ಬಂದ ಅಗ್ಗದ 4.1, 5.1 ಸ್ಪೀಕರ್‌ಗಳೂ ಎಫ್‌ಎಂ, ಯುಎಸ್‌ಬಿ, ರಿಮೋಟ್ ಸೇರಿಸಿಕೊಂಡು ಟಿವಿಯ ಪಕ್ಕಕ್ಕೆ ಬಂದವು.

ಅಗ್ಗದ ಸೆಟ್ಟುಗಳ ಈ ಸ್ಪರ್ಧೆಯ ಕಾಲದಲ್ಲೇ ಡಬ್ಬಿಗಳ ಮೇಲೆ ಪಿಎಂಪಿಒ ಎಂಬ ಅಳತೆ ಮೆರೆಯಿತು. ಕ್ಷಣಮಾತ್ರ ಹೊಮ್ಮಬಹುದಾದ ಶಕ್ತಿಯ ಹೆಸರಿನಲ್ಲಿ ಸಾವಿರಾರು ವ್ಯಾಟ್ ಬರೆಯಲು ಅವಕಾಶ ಕೊಟ್ಟ ಈ ಅಳತೆಗೆ ಒಪ್ಪಿತ ಮಾನದಂಡವೇ ಇರಲಿಲ್ಲ. ನಂಬಬಹುದಾದದ್ದು ಸತತವಾಗಿ ಕೊಡಬಲ್ಲ ಶಕ್ತಿಯಾದ ಆರ್‌ಎಂಎಸ್. ಅದನ್ನೂ ಪರೀಕ್ಷಿಸುವ ಸುಲಭ ದಾರಿ ಸೆಟ್ಟಿನ ಹಿಂಬದಿಯ ಲೇಬಲಿನಲ್ಲಿದೆ. 12 ವೋಲ್ಟ್, 2 ಆಂಪಿಯರ್ ಅಡಾಪ್ಟರಿನಿಂದ ನಡೆಯುವ ಸೆಟ್ಟಿಗೆ ಒಳಬರುವುದೇ 24 ವ್ಯಾಟ್. ಅದು ಸತತವಾಗಿ 100 ವ್ಯಾಟ್ ಸದ್ದು ಹೊರಡಿಸುವುದು ಸಾಧ್ಯವಿಲ್ಲ.

ತೆಳುವಾದ ಟಿವಿ, ಉದ್ದವಾದ ಸ್ಪೀಕರ್

ಎಲ್‌ಸಿಡಿ, ಎಲ್‌ಇಡಿ ಪರದೆಗಳು ಪೆಟ್ಟಿಗೆ ಟಿವಿಯನ್ನು ಬದಿಗೆ ಸರಿಸಿದಾಗ ಚಿತ್ರ ದೊಡ್ಡದಾಯಿತು, ಸದ್ದು ಕುಗ್ಗಿತು. ಬೆರಳಿನ ದಪ್ಪದ ಟಿವಿಯಲ್ಲಿ ಸ್ಪೀಕರ್‌ಗೆ ಗಾಳಿಯ ಜಾಗವೇ ಇಲ್ಲ. ಅಂಚಿಲ್ಲದ ಪರದೆಯ ಆಸೆಗೆ ಸ್ಪೀಕರ್‌ಗಳು ಮುಖದಿಂದ ಕೆಳಕ್ಕೋ ಬೆನ್ನಿಗೋ ಸರಿದವು. ಮಾತು ಗೋಡೆಗೆ ಬಡಿದು ಕಿವಿಗೆ ಬರುವ ಸ್ಥಿತಿಯಲ್ಲಿ ಹೊರಗಿನ ಸ್ಪೀಕರ್ ಅವಶ್ಯಕತೆಯೇ ಆಯಿತು.

ಆ ಅಗತ್ಯಕ್ಕೆ ಒದಗಿದ್ದು ಸೌಂಡ್‌ಬಾರ್. ಪರದೆಯ ಕೆಳಗೆ ಅಡ್ಡಲಾಗಿ ಕೂರುವ ಒಂದೇ ಪೆಟ್ಟಿಗೆಯಿಂದ ಸರೌಂಡ್ ಹೊಮ್ಮಿಸುವ ಪ್ರಯತ್ನವನ್ನು ಯಮಾಹಾ ಕಂಪನಿ 2004-05ರಲ್ಲಿ ವೈಎಸ್‌ಪಿ-1 ಎಂಬ ಸಾಧನದಲ್ಲಿ ಮಾಡಿತು. ಅದರ 40 ಪುಟ್ಟ ಸ್ಪೀಕರ್‌ಗಳು ಸದ್ದಿನ ಕಿರಣಗಳನ್ನು ಅಕ್ಕಪಕ್ಕದ ಗೋಡೆಗಳಿಗೆ ಎಸೆದು, ಅವು ಪ್ರತಿಫಲಿಸಿ ಹಿಂದಿನಿಂದ ಬಂದಂತೆ ಕೇಳಿಸುತ್ತಿದ್ದವು. ಎರಡೂ ಕಡೆ ಗಟ್ಟಿ ಗೋಡೆಯಿರುವ ಕೋಣೆಯಲ್ಲಿ ಮಾತ್ರ ಈ ಉಪಾಯ ಫಲಿಸುತ್ತದೆ. ಒಂದು ಬದಿ ಊಟದ ಮನೆಗೋ ಅಡುಗೆಮನೆಗೋ ತೆರೆದುಕೊಂಡಿರುವ ನಮ್ಮ ಹಾಲ್‌ಗಳಲ್ಲಿ ಕಿರಣ ಹೋದದ್ದು ಮರಳಿ ಬಾರದು. ಆಮೇಲೆ ಬಂದ ಅಗ್ಗದ ಸೌಂಡ್‌ಬಾರ್‌ಗಳಲ್ಲಿ ಬಹುಪಾಲು ಎರಡು ಅಥವಾ ಮೂರು ಚಾನೆಲಿನವು. ‘ವರ್ಚುಯಲ್ ಸರೌಂಡ್’ ಎಂಬುದು ಅವುಗಳಲ್ಲಿ ಲೆಕ್ಕಾಚಾರದಿಂದ ಹುಟ್ಟಿಸುವ ಭಾಸ.

2012ರಲ್ಲಿ ‘ಬ್ರೇವ್’ ಚಿತ್ರದೊಂದಿಗೆ ಚಿತ್ರಮಂದಿರಕ್ಕೂ 2014ರಲ್ಲಿ ಮನೆಗೂ ಬಂದ ಡಾಲ್ಬಿ ಅಟ್ಮಾಸ್, ತಲೆಯ ಮೇಲಿನ ಸದ್ದನ್ನೂ ಸೇರಿಸಿತು. ಮನೆಯ ಮಟ್ಟಿಗೆ ಅದಕ್ಕೆ ಚಾವಣಿಯ ಸ್ಪೀಕರ್ ಅಥವಾ ಚಾವಣಿಗೆ ಸದ್ದು ಚಿಮ್ಮಿಸುವ ಮೇಲ್ಮುಖ ಸ್ಪೀಕರ್ ಬೇಕು. ಅದಾವುದೂ ಇಲ್ಲದ ಸಣ್ಣ ಬಾರ್‌ನ ಮೇಲೆ ಅಟ್ಮಾಸ್ ಎಂಬ ಮುದ್ರೆಯಿದ್ದರೆ, ಆ ಸಂಕೇತವನ್ನು ಅದು ಓದಬಲ್ಲದು ಎಂದಷ್ಟೇ ಅರ್ಥ.

ಟಿವಿಗೂ ಸ್ಪೀಕರ್‌ಗೂ ನಡುವಿನ ತಂತಿಯೂ ಇದೇ ಅವಧಿಯಲ್ಲಿ ಬದಲಾಯಿತು. 1983ರಲ್ಲಿ ತೋಷಿಬಾ ರೂಪಿಸಿದ ಆಪ್ಟಿಕಲ್ ಕೇಬಲ್ ಡಾಲ್ಬಿ ಡಿಜಿಟಲ್ 5.1ನ್ನು ಸಾಗಿಸಬಲ್ಲದು. 2009ರಲ್ಲಿ ಎಚ್‌ಡಿಎಂಐಗೆ ಸೇರಿದ ಎಆರ್‌ಸಿ ಸೌಲಭ್ಯದಿಂದ ಒಂದೇ ಕೇಬಲಿನಲ್ಲಿ ಟಿವಿಯ ಸದ್ದು ಹೊರಬರುವುದು, ಟಿವಿ ರಿಮೋಟಿನಲ್ಲೇ ವಾಲ್ಯೂಮ್ ಹೊಂದಿಸುವುದು ಸಾಧ್ಯವಾಯಿತು. 2017ರ ಇಎಆರ್‌ಸಿ ಸಂಕೋಚಿಸದ ಧ್ವನಿಯನ್ನೂ ಸಾಗಿಸುತ್ತದೆ. ಓಟಿಟಿ ವೇದಿಕೆಗಳ 5.1 ಧ್ವನಿಗೆ ಮಾಮೂಲು ಎಆರ್‌ಸಿ ಸಾಕು.

ಇತಿಹಾಸ ಕಲಿಸಿದ ಆಯ್ಕೆ

ಕಡಿಮೆ ಬೆಲೆಯ ಸೆಟ್ ಆರಿಸುವವರು ಮೊದಲು ನೋಡಬೇಕಾದದ್ದು ಡಿಕೋಡರ್. ಡಾಲ್ಬಿ ಡಿಜಿಟಲ್ ಸಂಕೇತವನ್ನು ಬಿಡಿಸುವ ಶಕ್ತಿ ಸೆಟ್ಟಿನಲ್ಲಿರಬೇಕು, ಎಚ್‌ಡಿಎಂಐ ಎಆರ್‌ಸಿ ಅಥವಾ ಕನಿಷ್ಠ ಆಪ್ಟಿಕಲ್ ಕಿಂಡಿ ಇರಬೇಕು. ಕೆಂಪು-ಬಿಳಿ ಪಿನ್ನಿನ ತಂತಿ, ಬ್ಲೂಟೂತ್ ಇವೆರಡೂ ಸಾಗಿಸುವುದು ಎರಡೇ ಚಾನೆಲ್. ಅವನ್ನು ಮಾತ್ರ ನೆಚ್ಚಿಕೊಂಡ 5.1 ಸೆಟ್ಟಿನಲ್ಲಿ ಐದು ಸ್ಪೀಕರ್‌ಗಳಿಂದ ಹೊರಡುವುದು ಎರಡರದೇ ನಕಲು. ಸೆಟ್ ಸರಿಯಿದ್ದರೂ ಟಿವಿಯ ಸೌಂಡ್ ಸೆಟಿಂಗ್‌ನಲ್ಲಿ ‘ಪಿಸಿಎಂ’ ಎಂದಿದ್ದರೆ ಎಷ್ಟೋ ಟಿವಿಗಳು ಎರಡೇ ಚಾನೆಲ್ ಕಳಿಸುತ್ತವೆ. ಅದನ್ನು ‘ಆಟೋ’, ‘ಬಿಟ್‌ಸ್ಟ್ರೀಮ್’ ಅಥವಾ ‘ಪಾಸ್ ಥ್ರೂ’ಗೆ ಬದಲಿಸಬೇಕು.

ಎರಡನೆಯದು ನಡುವಿನ ಸ್ಪೀಕರ್. ಸಿನಿಮಾದ ಸಂಭಾಷಣೆ ಬಹುತೇಕ ಅದರಲ್ಲೇ ಇರುವುದರಿಂದ ಅದು ಬೇರೆಯಾಗಿಯೇ ಇರಬೇಕು, ಅಥವಾ ಬಾರ್‌ನ ಒಳಗೆ ಮೂರನೆಯ ಚಾನೆಲ್ಲಾಗಿ ಇರಬೇಕು. ಅಂಗಡಿಯಲ್ಲಿ ಹೊಡೆದಾಟದ ದೃಶ್ಯ ಹಾಕಿ ಕೇಳಿಸಿದರೆ ಬಾಸ್ ಎಲ್ಲವನ್ನೂ ಮುಚ್ಚಿಬಿಡುತ್ತದೆ. ವಾರ್ತೆಯನ್ನೋ ಧಾರಾವಾಹಿಯ ಮಾತನ್ನೋ ಹಾಕಿಸಿ, ಗಂಡುದನಿ ಪರದೆಯಿಂದ ಬರುತ್ತಿದೆಯೋ ಸಬ್‌ವೂಫರ್‌ನಿಂದ ಬರುತ್ತಿದೆಯೋ ಗಮನಿಸಿದರೆ ಸೆಟ್ಟಿನ ಗುಣ ತಿಳಿಯುತ್ತದೆ.

ಮೂರನೆಯದು ಹಿಂದಿನ ಸ್ಪೀಕರ್. ಇಲ್ಲಿ ಉಳಿತಾಯ ಮಾಡಬಹುದು: ಅವು ಚಿಕ್ಕದಿರಲಿ, ಸರಳವಿರಲಿ, ಆದರೆ ನಿಜವಾಗಿ ಹಿಂದೆ ಇರಲಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ ಮುಂದಿನ ಎರಡು ಸ್ಪೀಕರ್ ಕೇಳುಗನ ನೇರದಿಂದ 30 ಡಿಗ್ರಿ ಅಕ್ಕಪಕ್ಕ, ಹಿಂದಿನವು 100ರಿಂದ 120 ಡಿಗ್ರಿ, ಅಂದರೆ ಭುಜಕ್ಕಿಂತ ಸ್ವಲ್ಪ ಹಿಂದೆ. ಸೋಫಾ ಹಿಂಗೋಡೆಗೆ ಅಂಟಿದ್ದರೆ ಅಕ್ಕಪಕ್ಕದ ಗೋಡೆಯಲ್ಲಿ ಕಿವಿಯ ಮಟ್ಟಕ್ಕಿಂತ ತುಸು ಮೇಲೆ ಹಾಕಬಹುದು. ಐದನ್ನೂ ಟಿವಿ ಸ್ಟ್ಯಾಂಡಿನ ಮೇಲೆ ಸಾಲಾಗಿ ಜೋಡಿಸಿದರೆ ಸರೌಂಡ್‌ಗೆ ಕೊಟ್ಟ ಹಣ ವ್ಯರ್ಥ. ‘ವೈರ್‌ಲೆಸ್’ ಹಿಂದಿನ ಸ್ಪೀಕರ್‌ಗಳಿಗೂ ಸಾಮಾನ್ಯವಾಗಿ ಕರೆಂಟಿನ ಪ್ಲಗ್ ಬೇಕಾಗುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಸಬ್‌ವೂಫರ್ ವಿಷಯದಲ್ಲಿ ವ್ಯಾಟಿಗಿಂತ ಜಾಗ ಮುಖ್ಯ. ಮೂಲೆಗೆ ಒತ್ತಿದಷ್ಟೂ ಸದ್ದು ಹೆಚ್ಚು, ಗುಂಯ್‌ಗುಡುವಿಕೆಯೂ ಹೆಚ್ಚು. ಗೋಡೆಯಿಂದ ಒಂದೆರಡು ಅಡಿ ಸರಿಸಿ ಕೇಳಿ ಹೊಂದಿಸಿಕೊಳ್ಳಬೇಕು. ಮೊಸಾಯಿಕ್ ನೆಲ, ಬರಿಗೋಡೆಯ ಹಾಲಿನಲ್ಲಿ ಒಂದು ಜಮಖಾನೆ, ದಪ್ಪ ಪರದೆಬಟ್ಟೆ ಹಾಕಿದರೆ ಮಾತು ಎಷ್ಟೋ ತಿಳಿಯಾಗುತ್ತದೆ. ಬಜೆಟ್ಟಿನಲ್ಲಿ ಇದೆಲ್ಲವೂ ಹೊಂದುವ 5.1 ಸಿಗದಿದ್ದರೆ, ಅದೇ ಹಣಕ್ಕೆ ನಡುವಿನ ಚಾನೆಲ್ ಇರುವ ಒಳ್ಳೆಯ 3.1 ಬಾರ್ ಕೊಳ್ಳುವುದು ಉತ್ತಮ. ಹಿಂದಿನ ಸ್ಪೀಕರ್‌ಗಳನ್ನು ಮುಂದೆ ಸೇರಿಸಿಕೊಳ್ಳಬಹುದಾದ ಮಾದರಿ ಸಿಕ್ಕರೆ ಇನ್ನೂ ಒಳ್ಳೆಯದು.